ಹಗ್ಗ ದಾಟಿದವರು

ನೂರ ಮೂವತ್ತಾರು. ನೂರ ಮೂವತ್ತೇಳು.

ಅಂಬುಜಾ ತಲೆ ಎತ್ತಲಿಲ್ಲ. ಸೈಕಲ್ ಸ್ಟ್ಯಾಂಡಿನ ಕಂಬದಿಂದ ಕಾಂಪೌಂಡಿನ ಗೋಡೆಯವರೆಗೆ ಕಟ್ಟಿದ್ದ ಹುರಿಹಗ್ಗದ ನಡುವೆ ಒಬ್ಬರು ನುಸುಳುವಷ್ಟು ಸಂದು ಬಿಟ್ಟಿತ್ತು. ಆ ಸಂದಿನ ಪಕ್ಕದಲ್ಲಿ ಕಬ್ಬಿಣದ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ನೋಟ್‌ಬುಕ್ಕಿಟ್ಟುಕೊಂಡು, ಅವಳು ದಾಟಿ ಹೋಗುವ ಕಾಲುಗಳನ್ನು ಎಣಿಸುತ್ತಿದ್ದಳು. ಎರಡು ಕಾಲಿಗೆ ಒಂದು ಓಟು. ತಾಂಬರಂ ಸ್ಟೇಷನ್ನಿನ ಗೇಟಿನಲ್ಲಿ ಇಪ್ಪತ್ತೆರಡು ವರ್ಷದಿಂದ ಟಿಕೆಟ್ ಕಲೆಕ್ಟರ್ ಆಗಿದ್ದ ಅವಳ ಅಪ್ಪ ಪಂಢರಿನಾಥರು ಕಲಿಸಿಕೊಟ್ಟ ವಿದ್ಯೆ ಅದು. "ಎಣಿಸೋವಾಗ ಮುಖ ನೋಡಬಾರ್ದು ಡೀ. ಮುಖ ನೋಡಿದ್ರೆ ನಗಬೇಕು, ಸೌಖ್ಯವಾ ಅಂತ ಕೇಳಬೇಕು, ಅಷ್ಟರಲ್ಲಿ ಕಣಕ್ಕು ಕೆಟ್ಟಿರತ್ತೆ. ಕಾಲು ನೋಡು."

ನೂರ ಮೂವತ್ತೆಂಟನೆಯ ಕಾಲುಗಳು ಬಂದವು. ನೀಲಿ ಹವಾಯಿ ಚಪ್ಪಲಿ. ಬಲಗಾಲಿನ ಬಾರು ಕಿತ್ತುಹೋಗಿ, ತಳದಲ್ಲಿ ಸೇಫ್ಟಿ ಪಿನ್ನು ಚುಚ್ಚಿ ನಿಲ್ಲಿಸಿದ್ದು. ಆ ಪಿನ್ನನ್ನು ಅಂಬುಜಾಳೇ ಹಿಂದಿನ ದಿನ ಸಂಜೆ ಟ್ರೈನಿನಲ್ಲಿ ತನ್ನ ಬಳೆಯಿಂದ ಬಿಚ್ಚಿಕೊಟ್ಟಿದ್ದಳು. ಇದು ನಾಗಮಣಿಯಲ್ಲವೇ, ಇವಳು ಯಾಕೆ ಈ ಕಡೆ ಬಂದಳು ಅನ್ನುವಷ್ಟರಲ್ಲಿ ನೂರ ಮೂವತ್ತೊಂಬತ್ತು ಬಂತು, ನಲವತ್ತು ಬಂತು. ಪೆನ್ಸಿಲು ತನ್ನ ಪಾಡಿಗೆ ಗೀಟು ಹಾಕಿತು.

ಹಗ್ಗದ ಈ ಉಪಾಯ ಯಾರದ್ದು ಅಂತೀರಿ? ಅಂಬುಜಾಳದ್ದೇ. ಅಲ್ಲಿಯವರೆಗೆ ಕಾಲೇಜು ಯೂನಿಯನ್ನಿನ ಸರ್ವಸದಸ್ಯರ ಸಭೆಯಲ್ಲಿ ಕೈ ಎತ್ತುವ ಪದ್ಧತಿಯಿತ್ತು. ಒಬ್ಬ ಎರಡೂ ಕೈ ಎತ್ತುತ್ತಿದ್ದ, ಇನ್ನೊಬ್ಬ ಎರಡು ಸಲ ಎತ್ತುತ್ತಿದ್ದ, ಕೊನೆಗೆ ಯಾರ ಗಂಟಲು ದೊಡ್ಡದೋ ಅವರು ಗೆಲ್ಲುತ್ತಿದ್ದರು. ಅಂಬುಜಾ ಬಿ.ಎಸ್‌ಸಿ. ಗಣಿತದ ಹುಡುಗಿ. ಕಾಲೇಜಿನ ಇತಿಹಾಸದಲ್ಲಿ ಹುಡುಗಿಯೊಬ್ಬಳು, ಅದೂ ಹಾಸ್ಟೆಲಿನಲ್ಲಿರದೆ ದಿನಾ ಟ್ರೈನಿನಲ್ಲಿ ಬಂದುಹೋಗುವವಳು, ಯೂನಿಯನ್ನಿನ ಕಾರ್ಯದರ್ಶಿಯಾದದ್ದು ಆ ಎಪ್ಪತ್ತೊಂಬತ್ತನೆಯ ಇಸವಿಯಲ್ಲೇ ಮೊದಲು. ಬಂದವಳೇ ಹೇಳಿದಳು: ಬೇಕು ಅನ್ನುವವರು ತೂಂಗುಮೂಂಜಿ ಮರದ ಕೆಳಗೆ ಹೋಗಿ ನಿಲ್ಲಲಿ, ಬೇಡ ಅನ್ನುವವರು ಹಗ್ಗ ದಾಟಿ ಸೈಕಲ್ ಸ್ಟ್ಯಾಂಡಿನ ಕಡೆ ಹೋಗಲಿ, ಆ ಕಡೆ ಅಧ್ಯಕ್ಷ, ಈ ಕಡೆ ಕಾರ್ಯದರ್ಶಿ, ಒಬ್ಬೊಬ್ಬರನ್ನೇ ಎಣಿಸಲಿ. ಎಲ್ಲರೂ ತಲೆದೂಗಿದರು. ಸೈಕಲ್ ಸ್ಟ್ಯಾಂಡಿನ ಹಿಂದೆಯೇ ಚೇತ್‌ಪೇಟ್ ಸ್ಟೇಷನ್ನಿಗೆ ಹೋಗುವ ಹಿಂಬಾಗಿಲಿದೆ ಎನ್ನುವುದು ಯಾರ ತಲೆಗೂ ಹೊಳೆಯಲಿಲ್ಲ. ಅಂಬುಜಾ ಆ ಬಾಗಿಲಿನಲ್ಲೇ ಎರಡೂವರೆ ವರ್ಷ ಓಡಾಡಿದವಳು, ಅವಳಿಗೂ ಹೊಳೆಯಲಿಲ್ಲ.

ಮೈಕು ಕುಯ್ಯೋ ಎನ್ನುತ್ತಿತ್ತು. ಮುಂದೆ ಕೂತಿದ್ದ ಹಾಸ್ಟೆಲಿನವರಿಗೆ, ಗಾಡಿಯ ಅವಸರವಿಲ್ಲದ ಟ್ರೈನಿನ ಹುಡುಗರಿಗೆ ಹೊಸ ಪದ್ಧತಿ ಕೇಳಿಸಿತು; ಮರದ ಕೆಳಗೆ ಹೋಗಿ ನಿಂತದ್ದು ಆ ಹುಡುಗರೇ. ಬಗಲಿಗೆ ಚೀಲ ಹಾಕಿಕೊಂಡು, ಗಡಿಯಾರ ನೋಡುತ್ತ ಹಿಂದೆ ನಿಂತಿದ್ದ ಟ್ರೈನಿನವರಿಗೆ ಕೇಳಿಸಲಿಲ್ಲ. "ಬೇಕು ಅನ್ನುವವರು" ಎಂದ ಕೂಡಲೇ ಅವರು ಹಳೆಯ ರೂಢಿಯಂತೆ ಕೈ ಎತ್ತಿದರು, ಇಳಿಸಿದರು, ಓಟು ಹಾಕಿಯಾಯಿತೆಂದು ಐದು ಹದಿನೆಂಟರ ಗಾಡಿಗೆ ಹೊರಟರು. ಆ ಗಾಡಿ ತಪ್ಪಿದರೆ ಮುಂದಿನವಕ್ಕೆಲ್ಲ ಬೀಚ್ ಸ್ಟೇಷನ್ನಿನಿಂದ ಆಫೀಸಿನ ಜನ ತುಂಬಿಕೊಂಡು ಬರುತ್ತಾರೆ. ಹೆಣ್ಣುಮಕ್ಕಳು ಕಾಲಿಡುವ ಹಾಗಿಲ್ಲ. ಹೀಗೆ ಅವರೆಲ್ಲ ಹಗ್ಗದ ಸಂದಿನಲ್ಲಿ ಸಾಲಾಗಿ ನುಸುಳಿ ಮನೆಗೆ ಹೋದರು. ಅಂಬುಜಾ ಒಬ್ಬರನ್ನೂ ಬಿಡದೆ ಎಣಿಸಿದಳು.

"ಬೇಕು, ನೂರ ಅರವತ್ತೆಂಟು. ಬೇಡ, ಇನ್ನೂರ ಮೂರು," ಎಂದು ಅಧ್ಯಕ್ಷ ಹರಿಹರ ಮೈಕಿನಲ್ಲಿ ಓದಿದ. ಹಾಸ್ಟೆಲಿನವರು ಶಿಳ್ಳೆ ಹೊಡೆದರು. ಅಂಬುಜಾ ದಾಖಲೆ ಪುಸ್ತಕಕ್ಕೆ ಸಹಿ ಹಾಕಿದಳು.

ಸೋತ ಠರಾವು ಸಣ್ಣದು. ಟ್ರೈನು ತಡವಾದ ದಿನ ಸ್ಟೇಷನ್ ಮಾಸ್ಟರರ ಚೀಟಿ ತೋರಿಸಿದರೆ ಮೊದಲ ಪೀರಿಯಡ್ಡಿನ ಹಾಜರಿ ಕೊಡಬೇಕು ಎಂದು ಪ್ರಿನ್ಸಿಪಾಲರಿಗೆ ಮನವಿ. ಮೊದಲ ಪೀರಿಯಡ್ಡು ತಪ್ಪಿದರೆ ಅರ್ಧ ದಿನವೇ ಹೋಯಿತೆಂಬುದು ಕಾಲೇಜಿನ ಕಾನೂನು. ರೈಲ್ವೆಯವರು ತಪ್ಪು ತಮ್ಮದೆಂದು ಮೊಹರು ಒತ್ತಿ ಕೊಟ್ಟರೂ ಮೇಷ್ಟರು ಒಪ್ಪುತ್ತಿರಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ. ಯೂನಿಯನ್ನು ವರ್ಷಕ್ಕೆ ಮೂರೇ ಮನವಿ ಕೊಡಬಹುದು, ಎರಡು ಮುಗಿದಿತ್ತು. ಮೂರನೆಯದನ್ನು ಹಾಸ್ಟೆಲಿನ ಕುಡಿಯುವ ನೀರಿಗೆ ಇಟ್ಟುಕೊಳ್ಳಬೇಕೆಂದು ಅಲ್ಲಿನವರು ಹಟ ಹಿಡಿದಿದ್ದರು. ಅವರದೂ ಸುಳ್ಳಲ್ಲ, ಆ ಬಾವಿಯ ನೀರನ್ನು ಬಾಯಿಗೆ ಹಾಕಿದರೆ ಸಮುದ್ರದ ನೆನಪಾಗುತ್ತಿತ್ತು.

ಆದರೆ ನಾಗಮಣಿಗೆ ಇದು ಬದುಕಿನ ಮಾತಾಗಿತ್ತು. ಅವಳ ಹಾಜರಿ ಎಪ್ಪತ್ತಮೂರಕ್ಕೆ ನಿಂತಿತ್ತು. ಎಪ್ಪತ್ತೈದಿಲ್ಲದೆ ಏಪ್ರಿಲ್ ಪರೀಕ್ಷೆಗೆ ಕೂರುವಂತಿಲ್ಲ. ಕ್ರೋಂಪೇಟೆಯ ಅವಳ ಬೀದಿಯಲ್ಲಿ ನಲ್ಲಿಗೆ ನೀರು ಬರುವುದೇ ಏಳಕ್ಕೆ. ತಾಯಿಗೆ ಆಸ್ತಮಾ, ಹನ್ನೆರಡು ಕೊಡ ಇವಳೇ ಹೊರಬೇಕು. ಆಮೇಲೆ ಸಿಗುವುದು ಎಂಟು ಮುಕ್ಕಾಲರ ಗಾಡಿ, ಅದಕ್ಕೋ ಕೋಡಂಬಾಕ್ಕಂ ದಾಟುವಾಗ ದಿನಾ ಸಿಗ್ನಲಿನ ಕಾಟ. ಒಬ್ಬಳ ಕಥೆ ತನಗೆ ಬೇಡ, ಯೂನಿಯನ್ ಕೇಳಲಿ, ಈ ವರ್ಷದಿಂದಲೇ ಕೊಡುತ್ತೇನೆ ಎಂದು ಪ್ರಿನ್ಸಿಪಾಲರು ಬಾಯಿಬಿಟ್ಟು ಹೇಳಿದ್ದರು. ನಾಗಮಣಿಯ ಅಪ್ಪ ಪಲ್ಲಾವರದ ಚರ್ಮದ ಮಂಡಿಯಲ್ಲಿ ಗುಮಾಸ್ತ. ಅವರೂ ಬಾಯಿಬಿಟ್ಟು ಹೇಳಿದ್ದರು: ಪರೀಕ್ಷೆಗೆ ಕೂತರೆ ಓದು, ಇಲ್ಲವಾದರೆ ವೈಶಾಖದಲ್ಲಿ ಸೇಲಂನ ಸೋದರಮಾವನ ಜೊತೆ ಮದುವೆ.

ಆ ಸಂಜೆ ಅಂಬುಜಾ ಆರೂವರೆಯ ಗಾಡಿಯಲ್ಲಿ ನಿಂತುಕೊಂಡೇ ಬಂದು ತಾಂಬರಂನಲ್ಲಿ ಇಳಿದಳು. ಗೇಟಿನಲ್ಲಿ ಪಂಢರಿನಾಥರು ಎಂದಿನಂತೆ ತಲೆ ತಗ್ಗಿಸಿ ಕೈ ಚಾಚಿ ನಿಂತಿದ್ದರು. ಮಗಳ ಸೀಸನ್ ಟಿಕೆಟನ್ನೂ ನೋಡಿ ಬಿಟ್ಟರು, ಮುಖ ನೋಡಲಿಲ್ಲ. ಡ್ಯೂಟಿ ಮುಗಿಸಿ ಕ್ವಾರ್ಟರ್ಸಿಗೆ ಬಂದು ಎಲೆಯ ಮುಂದೆ ಕೂತ ಮೇಲೆಯೇ ಕೇಳಿದ್ದು.

"ಏನಾಯ್ತು ಅಂಬು ಮೀಟಿಂಗು? ಎಣಿಕೆ ಸರಿಯಾಗಿತ್ತಾ?"

"ಒಂದೂ ತಪ್ಪಿಲ್ಲ ಅಪ್ಪ. ಇನ್ನೂರ ಮೂರು ಜನ ದಾಟಿದ್ರು, ಇನ್ನೂರ ಮೂರು ಬರೆದೆ."

"ಮತ್ತೆ ಯಾಕೆ ಮೂತಿ ಹೀಗಿದೆ? ಸಾರು ಹಾಕಿಕೋ."

ಅಂಬುಜಾ ಎಲ್ಲವನ್ನೂ ಹೇಳಿದಳು. ಹಗ್ಗ ಕಟ್ಟಿದ್ದು, ಹಿಂಬಾಗಿಲು, ಸೇಫ್ಟಿ ಪಿನ್ನು. ಪಂಢರಿನಾಥರು ಅನ್ನ ಕಲಸುವುದನ್ನು ನಿಲ್ಲಿಸಿದರು.

"ನೀವೇ ಹೇಳಿದ್ದು, ಮುಖ ನೋಡಬೇಡ ಅಂತ," ಎಂದಳು. ಅಪ್ಪನ ಮೇಲೆ ಸಿಟ್ಟು ಮಾಡಿಕೊಂಡರೆ ಸ್ವಲ್ಪ ಹಗುರಾಗುತ್ತದೇನೋ ಎಂಬ ಆಸೆ.

"ಹೇಳ್ದೆ. ನನ್ನದು ಗೇಟು ಕಣಮ್ಮ. ಆಚೆ ಹೋಗೋರು ಆಚೆ ಹೋಗ್ತಾರೆ, ಅಷ್ಟೇ. ಯಾಕೆ ಹೋಗ್ತೀರಿ ಅಂತ ಕೇಳೋ ಉದ್ಯೋಗ ನಂದಲ್ಲ." ಅವರು ಮಜ್ಜಿಗೆಗೆ ಕೈ ಚಾಚಿದರು. "ನೀ ಕೂತಿದ್ದದ್ದು ಗೇಟಾ?"

ಮಾರನೆಯ ದಿನ ಅಂಬುಜಾ ಬೇಕೆಂದೇ ತನ್ನ ಎಂಟರ ಗಾಡಿ ಬಿಟ್ಟು ತಡವಾಗಿ ಹೊರಟಳು. ಕ್ರೋಂಪೇಟೆಯಲ್ಲಿ ನಾಗಮಣಿ ಒದ್ದೆ ಸೆರಗಿನಲ್ಲೇ ಮಹಿಳೆಯರ ಡಬ್ಬಿಗೆ ಹತ್ತಿ, ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತಳು. ಮುಖದಲ್ಲಿ ಹಬ್ಬದ ಕಳೆ.

"ಪಾಸಾಯ್ತಲ್ಲ ಡೀ? ಹಿಂದೆಯಿದ್ದ ನಮ್ಮವರೆಲ್ಲ ಕೈ ಎತ್ತಿದ್ರು, ನಾನೇ ನೋಡಿದೆ. ಅಮ್ಮಂಗೂ ಹೇಳ್ಬಿಟ್ಟೆ."

"ಇಲ್ಲ ಕಣೇ. ಬಿದ್ದುಹೋಯ್ತು."

ಅಂಬುಜಾ ಮುಚ್ಚುಮರೆಯಿಲ್ಲದೆ ಹೇಳಿದಳು. ಕೈ ಎತ್ತಿದ್ದು ಲೆಕ್ಕಕ್ಕಿಲ್ಲ, ಹಗ್ಗ ದಾಟಿದ್ದು ಲೆಕ್ಕ, ದಾಟಿದವರೆಲ್ಲ ಬೇಡ ಅಂದವರು, ನೀನೂ ದಾಟಿದೆ. ನಾಗಮಣಿ ಮೊದಲು ನಕ್ಕಳು. ತನಗೆ ತಾನೇ ಬೇಡ ಅಂದುಕೊಂಡಳಂತೆ, ಇದಕ್ಕಿಂತ ತಮಾಷೆ ಬೇಕೇ? ನಗು ಮಾಂಬಲಂ ತನಕವೂ ಇರಲಿಲ್ಲ.

"ನೀನೇ ಅಲ್ವಾ ಅಲ್ಲಿ ಕೂತಿದ್ದು? ನನ್ನ ನೋಡ್ಲಿಲ್ವಾ?"

"ಚಪ್ಪಲಿ ನೋಡಿದೆ."

"ಗುರುತು ಸಿಗ್ಲಿಲ್ವಾ?"

"ಸಿಕ್ತು."

ನಾಗಮಣಿ ಕಾಲುಗಳನ್ನು ಸೀಟಿನ ಕೆಳಗೆ ಎಳೆದುಕೊಂಡಳು. ಬಯ್ಯಲಿಲ್ಲ, ಅಳಲಿಲ್ಲ. ಎರಡು ಏಟು ಹೊಡೆದಿದ್ದರೂ ವಾಸಿಯಿತ್ತು ಅನ್ನಿಸಿತು ಅಂಬುಜಾಳಿಗೆ. ಕೋಡಂಬಾಕ್ಕಂ ದಾಟಿದ ಮೇಲೆ ಗಾಡಿ ಎಂದಿನಂತೆ ನಿಂತಿತು. ಡಬ್ಬಿಯಲ್ಲಿದ್ದವರೆಲ್ಲ ಗಡಿಯಾರ ನೋಡಿಕೊಂಡರು. ನಾಗಮಣಿ ನೋಡಲಿಲ್ಲ. ಇನ್ನು ಅವಳಿಗೆ ಗಂಟೆ ಎಷ್ಟಾದರೇನು.

ಯೂನಿಯನ್ ರೂಮಿನಲ್ಲಿ ಹರಿಹರ ಒಬ್ಬನೇ ಕೂತು ಟೀ ಕುಡಿಯುತ್ತಿದ್ದ. ಹೊಸೂರಿನ ಕಡೆಯವನು, ಎಂ.ಎ. ಓದುತ್ತಿದ್ದ, ಹಾಸ್ಟೆಲಿನ ದೊಡ್ಡಣ್ಣ. ಸಭೆಯಲ್ಲಿ ತಮಿಳು, ಇಂಗ್ಲಿಷು. ಇಬ್ಬರೇ ಇದ್ದರೆ ಅಂಬುಜಾಳ ಜೊತೆ ಕನ್ನಡ. ಅವಳು ಹೇಳಿದ್ದನ್ನು ಅವನು ಮಧ್ಯೆ ಬಾಯಿಹಾಕದೆ ಕೇಳಿದ. ನಂತರ ಬೀರುವಿನಿಂದ ನಿಯಮಾವಳಿಯ ಪುಸ್ತಕ ತೆಗೆದು ಹದಿನಾಲ್ಕನೆಯ ನಿಯಮಕ್ಕೆ ಬೆರಳಿಟ್ಟ.

"ಓದಮ್ಮ ನೀನೇ."

ಎಣಿಕೆ ಸರಿಯಲ್ಲವೆಂದು ಎಣಿಸಿದವರೇ ಮೂರು ದಿನದೊಳಗೆ ಬರೆದುಕೊಟ್ಟರೆ ಮಾತ್ರ ಮತ್ತೆ ಮತ ಕೇಳಬಹುದು. ಹಾಗೆ ಬರೆದುಕೊಟ್ಟವರು ಆ ಹುದ್ದೆಯಲ್ಲಿ ಮುಂದುವರಿಯತಕ್ಕದ್ದಲ್ಲ.

"ಕೈ ಎತ್ತೋ ಕಾಲ್ದಾಗೆ ದಿನಕ್ಕೊಬ್ಬ ಲೆಕ್ಕ ತಪ್ಪೋಯ್ತು ಅಂತ ಬರ್ತಿದ್ದ. ಅದಕ್ಕೇ ಮಾಡವ್ರೆ ಇದನ್ನ," ಎಂದ ಹರಿಹರ. "ನೋಡು, ನಾನು ನೀರಿನ ಕಡೆಯೋನು, ಸುಳ್ಳು ಹೇಳಾಕಿಲ್ಲ. ಆದ್ರೂ ನಿನ್ನ ಒಳ್ಳೇದಕ್ಕೇ ಹೇಳ್ತೀನಿ. ನೀನು ಬರೆದುಕೊಟ್ರೆ ನಾಳೆಯಿಂದ ಈ ಕುರ್ಚಿ ಹಾಸ್ಟೆಲಿನೋರಿಗೆ ಹೋಯ್ತದೆ. ಹೆಣ್ಮಕ್ಕಳಿಗೆ ಒಂದು ರೂಮು ಬೇಕು ಅಂತಿದ್ದೆ. ಅದ್ಯಾರು ಕೇಳ್ತಾರೆ? ಒಬ್ಬ ಹುಡುಗಿಗೋಸ್ಕರ ಎಲ್ಲಾರ್ನೂ ಬಿಟ್ಟಂಗೆ ಆಗಲ್ವಾ?"

ಅವನು ಹೇಳಿದ್ದರಲ್ಲಿ ಮೋಸವಿರಲಿಲ್ಲ, ಅದೇ ತೊಂದರೆ. ಅಂಬುಜಾಳಿಗೆ ಆ ಕುರ್ಚಿ ಬೇಕಿತ್ತು, ಬಹಳ ಬೇಕಿತ್ತು. ಎರಡು ಚುನಾವಣೆ ಸೋತು ಮೂರನೆಯದರಲ್ಲಿ ಹನ್ನೊಂದು ಓಟಿನಿಂದ ಗೆದ್ದಿದ್ದಳು. ಟ್ರೈನಿನ ಡಬ್ಬಿ ಡಬ್ಬಿಗೆ ಹತ್ತಿ ಇಳಿದು, ನಾನು ನಿಮ್ಮವಳು ಅಂತ ಗಂಟಲು ಹರಿದುಕೊಂಡಿದ್ದಳು. ರೂಮಿನ ಬಾಗಿಲಿಗೆ ಹಾಕಿದ್ದ ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ತನ್ನ ಹೆಸರಿರುವುದನ್ನು ನೋಡಲೆಂದೇ ಎಷ್ಟೋ ಸಲ ಆ ಮೊಗಸಾಲೆಯಲ್ಲಿ ಸುತ್ತುಹಾಕಿ ಬಂದಿದ್ದಳು. ಅತ್ತ ದರಿ, ಇತ್ತ ಪುಲಿ. ಮಧ್ಯಾಹ್ನವೆಲ್ಲ ಅವಳು ಲೈಬ್ರರಿಯಲ್ಲಿ ಕೂತು ಒಂದೇ ಪುಟವನ್ನು ನೋಡುತ್ತಿದ್ದಳು.

ಲೆಕ್ಕದಲ್ಲಿ ತಪ್ಪಿಲ್ಲ ಎಂದು ತನಗೆ ತಾನೇ ಎಷ್ಟು ಸಲ ಹೇಳಿಕೊಂಡರೂ ಆ ಸೇಫ್ಟಿ ಪಿನ್ನು ಕಣ್ಣಿಗೆ ಚುಚ್ಚುತ್ತಿತ್ತು. ಗೊತ್ತಿಲ್ಲದೆ ಎಣಿಸಿದ್ದರೆ ಬೇರೆ ಮಾತು. ಗೊತ್ತಿದ್ದೂ ಎಣಿಸಿದಳು, ಎಣಿಕೆ ಕೆಡಬಾರದಲ್ಲ ಅಂತ. ನೂರ ಮೂವತ್ತೆಂಟು ಅಂದಾಗ ತಲೆ ಎತ್ತಿ, ನಾಗಾ, ಎಲ್ಲಿಗೆ ಹೊರಟೆ ಅಂದಿದ್ದರೆ ಸಾಕಿತ್ತು.

ನಾಲ್ಕು ಗಂಟೆಗೆ ಅವಳು ಎರಡು ಸಾಲು ಬರೆದು ಹರಿಹರನ ಮೇಜಿನ ಮೇಲಿಟ್ಟಳು. ಅವನು ಓದಿ, ಮಡಿಸಿ, ಪುಸ್ತಕದೊಳಗೆ ಇಟ್ಟ.

"ಹಟಮಾರಿ ನೀನು," ಎಂದ. "ಈ ಸಲ ಹಗ್ಗ ಬೇಡ. ಒಬ್ಬೊಬ್ರೂ ಬಂದು ಹೆಸರು ಹೇಳ್ಲಿ, ನಾನೇ ಕೂತು ಬರ್ಕೊಳ್ತೀನಿ. ಶುಕ್ರವಾರ ಐದಕ್ಕೆ."

"ಮಧ್ಯಾಹ್ನ ಊಟದ ಹೊತ್ತಿಗೆ ಇಡಕ್ಕಾಗಲ್ವಾ?"

"ಪಾಠ ಮುಗಿದ ಮೇಲೇ ಅಂತ ನಿಯಮ ಅದೆ. ನಿಮ್ಮೋರು ಐದು ಹದಿನೆಂಟಕ್ಕೆ ಓಡಿದ್ರೆ ನಾನೇನ್ ಮಾಡ್ಲಿ? ಇಲ್ಲಿದ್ದೋರ ಹೆಸರು ಬರೀತೀನಿ. ಇಲ್ದೋರ ಹೆಸರು ಬರೆಯೋಕಾಯ್ತದಾ?"

ಹಲಗೆಯ ಮೇಲಿನ ಹೆಸರನ್ನು ಗುರುವಾರವೇ ಕೆರೆದರು. ಟ್ರೈನಿನವರು ಅಂಬುಜಾಳ ಮೇಲೆ ಉರಿದುಬಿದ್ದರು. ನಮ್ಮವಳು ಅಂತ ಗೆಲ್ಲಿಸಿದರೆ ಆರು ತಿಂಗಳೂ ಉಳಿಸಿಕೊಳ್ಳಲಿಲ್ಲವಲ್ಲ, ಕೈಗೆ ಬಂದದ್ದನ್ನು ಕಾಲಲ್ಲಿ ಒದ್ದಳಲ್ಲ ಅಂದರು. ಅಂಬುಜಾ ಬಯ್ಗುಳ ತಿನ್ನುತ್ತಲೇ ಬುಧವಾರ ಸಂಜೆಯಿಂದ ಶುಕ್ರವಾರ ಬೆಳಿಗ್ಗೆವರೆಗೆ ಮತ್ತೆ ಡಬ್ಬಿ ಡಬ್ಬಿಗೆ ಹತ್ತಿ ಇಳಿದಳು. ಈ ಸಲ ಹೇಳಿದ್ದು ಒಂದೇ ಮಾತು: "ಶುಕ್ರವಾರ ಐದು ಹದಿನೆಂಟು ಬಿಟ್ಟುಬಿಡಿ." ಪಲ್ಲಾವರದ ಒಬ್ಬಳು, "ಆಮೇಲಿನ ಗಾಡೀಲಿ ನೀ ಸೀಟು ಹಿಡಿದುಕೊಡ್ತೀಯಾ?" ಎಂದು ಮೂತಿ ತಿರುವಿದಳು. ನಾಗಮಣಿ ಒಂದು ದಿನವೂ ಅವಳ ಡಬ್ಬಿಗೆ ಹತ್ತಲಿಲ್ಲ.

ಶುಕ್ರವಾರ ಐದಕ್ಕೆ ತೂಂಗುಮೂಂಜಿ ಮರದ ಕೆಳಗೆ ಎರಡು ಮೇಜು ಹಾಕಿದ್ದರು, ಬೇಕು ಒಂದು, ಬೇಡ ಒಂದು. ಬೇಕು ಅನ್ನುವ ಮೇಜಿನಲ್ಲಿ ಹರಿಹರ ಕೂತಿದ್ದ. ಹೆಸರು ಕೇಳಿ, ತಲೆ ಎತ್ತಿ ಮುಖ ನೋಡಿ, ಬರೆದುಕೊಳ್ಳುತ್ತಿದ್ದ. ಅವನ ಕೈ ನಿಧಾನ. ಸಾಲು ಆಮೆಯ ಹಾಗೆ ತೆವಳುತ್ತಿತ್ತು. ಐದೂ ಹತ್ತಕ್ಕೆ ಇಪ್ಪತ್ತು ಹೆಸರೂ ಆಗಿರಲಿಲ್ಲ. ಚೀಲ ಹೊತ್ತವರು ಹಿಂಬಾಗಿಲ ಕಡೆ ನೋಡಿದರು, ಗಡಿಯಾರ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. ನಾಲ್ಕೈದು ಜನ ಜಾರಿಕೊಂಡೇ ಬಿಟ್ಟರು. ಅಂಬುಜಾ ಸಾಲಿನಲ್ಲಿ ನಿಂತಿದ್ದಳು, ಎಲ್ಲರ ಹಾಗೆ. ಯಾರನ್ನೂ ತಡೆಯುವ ಅಧಿಕಾರ ಅವಳಿಗಿರಲಿಲ್ಲ.

ತಲೆ ತಗ್ಗಿಸಿ ನಿಲ್ಲುವುದು ಅವಳಿಗೆ ಅಭ್ಯಾಸವಾಗಿತ್ತು. ಹಾಗಾಗಿ ಮುಂದೆ ಬಂದು ಸೇರಿಕೊಂಡವಳ ಕಾಲು ಮೊದಲು ಕಂಡಿತು. ನೀಲಿ ಹವಾಯಿ ಚಪ್ಪಲಿ, ಬಲಗಾಲಿನದಕ್ಕೆ ಪಿನ್ನು. ಅಂಬುಜಾ ತಲೆ ಎತ್ತಿದಳು. ನಾಗಮಣಿ ತಿರುಗಿ ನೋಡಲಿಲ್ಲ. ಜಡೆಯ ತುದಿ ಇನ್ನೂ ಒದ್ದೆಯಾಗಿತ್ತು, ಬಗಲಿನ ಚೀಲವನ್ನು ಎದೆಗವಚಿಕೊಂಡಿದ್ದಳು.

"ಆರೂವರೆಯೊಳಗೆ ಮನೇಲಿರಬೇಕಲ್ಲ ನೀನು," ಎಂದಳು ಅಂಬುಜಾ ಮೆಲ್ಲಗೆ.

"ಅಪ್ಪ ಬಯ್ತಾರೆ," ಎಂದಳು ನಾಗಮಣಿ, ಮುಂದೆ ನೋಡುತ್ತಲೇ. "ಬಯ್ಯಲಿ."

ಅವಳ ಸರದಿ ಬಂತು. ಹರಿಹರ ಪೆನ್ನಿನ ತುದಿಯನ್ನು ಕಾಗದದ ಮೇಲಿಟ್ಟುಕೊಂಡೇ, "ಹೆಸರು?" ಎಂದ.

ಆಗಲೇ ಗೋಡೆಯಾಚೆ ಐದು ಹದಿನೆಂಟು ಬಂತು. ಸ್ಟೇಷನ್ನಿನಿಂದ ಹೊರಟು ವೇಗ ಹಿಡಿಯುತ್ತಿದ್ದ ಗಾಡಿಯ ಸದ್ದಿಗೆ ಮೇಜು ಅದುರಿತು. ಸಾಲಿನಲ್ಲಿದ್ದವರೆಲ್ಲ ಒಟ್ಟಿಗೆ ಆ ಕಡೆ ತಿರುಗಿದರು. ಕಿಟಕಿ ಕಿಟಕಿಯೂ ಖಾಲಿ ಸೀಟು ತೋರಿಸುತ್ತ ಗಾಡಿ ಹೋಗುತ್ತಿತ್ತು. ನಾಗಮಣಿಯ ತುಟಿ ಅಲುಗಿತು, ಏನೂ ಕೇಳಿಸಲಿಲ್ಲ. ಹರಿಹರ ಕಿವಿಗೆ ಕೈ ಇಟ್ಟುಕೊಂಡ.

"ಕೇಳಿಸ್ಲಿಲ್ಲಮ್ಮ."

ಅವಳು ಮೇಜಿನ ಅಂಚು ಹಿಡಿದುಕೊಂಡು ಕಾದಳು. ಕೊನೆಯ ಡಬ್ಬಿಯೂ ಹೋಗಿ, ಹಳಿಯ ಸದ್ದು ನುಂಗಂಬಾಕ್ಕಂ ಕಡೆಗೆ ಸಣ್ಣದಾಗುತ್ತ ಪೂರ್ತಿ ನಿಂತ ಮೇಲೆ, ಹಿಂದೆ ನಿಂತವರಿಗೆಲ್ಲ ಕೇಳುವ ಹಾಗೆ ಇನ್ನೊಮ್ಮೆ ತನ್ನ ಹೆಸರು ಹೇಳಿದಳು.